ಜೂನ್ ಫೀಸಿಗೆ ಮಾರ್ಚ್‌ನಲ್ಲೇ ರಾಜೀನಾಮೆ: ಗಾರ್ಮೆಂಟ್ಸ್ ಸಂಬಳದ ಬಗ್ಗೆ ಮಾತಾಡೋಣ

ಲಗ್ಗೆರೆ ಸೈಬರ್ | ಮಾರ್ಚ್ 6, 2024

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಲಗ್ಗೆರೆಯಲ್ಲಿ ನನ್ನದೊಂದು ಸಣ್ಣ ಸೈಬರ್ ಸೆಂಟರ್ ಇದೆ. ಜೆರಾಕ್ಸ್, ರೇಷನ್ ಕಾರ್ಡ್, ಜಾತಿ ಪ್ರಮಾಣಪತ್ರದ ಅರ್ಜಿ, ಹೀಗೆ ನಡೆಯುತ್ತದೆ. ಸಂಜೆ ಆರರ ಮೇಲೆ ಬರುವವರಲ್ಲಿ ಹೆಚ್ಚಿನವರು ಪೀಣ್ಯ ಕಡೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಬರುವುದು ಪಿಎಫ್ (ಸಂಬಳದಿಂದ ತಿಂಗಳು ತಿಂಗಳು ಹಿಡಿಯುವ, ಕಂಪನಿಯೂ ಪಾಲು ಹಾಕುವ ಭವಿಷ್ಯ ನಿಧಿ) ಕೆಲಸಕ್ಕೆ.

ಏಳು ವರ್ಷದಿಂದ ನೋಡುತ್ತಿದ್ದೇನೆ. ಮಾರ್ಚ್ ಬಂದರೆ ಒಂದೇ ಪ್ರಶ್ನೆ: "ಅಕ್ಕ, ಈಗ ಕೆಲಸ ಬಿಟ್ಟರೆ ಜೂನ್ ಒಳಗೆ ಪಿಎಫ್ ಬರುತ್ತಾ?" ಜೂನ್‌ನಲ್ಲಿ ಸ್ಕೂಲ್ ಫೀಸು ಕಟ್ಟಬೇಕು. ಈಗಿನ (2024ರ) ನಿಯಮದಲ್ಲಿ ಕೆಲಸ ಬಿಟ್ಟು ಎರಡು ತಿಂಗಳು ಕಾದರೆ ಮಾತ್ರ ಪೂರ್ತಿ ದುಡ್ಡು ತೆಗೆಯಲು ಬರುತ್ತದೆ. ಅದಕ್ಕೇ ಮಾರ್ಚ್. ಆ ಎರಡು ತಿಂಗಳು ಪಿಎಫ್ ಇಲ್ಲದ ಯಾವುದಾದರೂ ಸಣ್ಣ ಯೂನಿಟ್‌ನಲ್ಲಿ ಪೀಸ್ ರೇಟಿಗೆ ಹೊಲಿಯುತ್ತಾರೆ. ದುಡ್ಡು ಬಂದ ಮೇಲೆ ಅದೇ ಫ್ಯಾಕ್ಟರಿಗೋ ಪಕ್ಕದ ಫ್ಯಾಕ್ಟರಿಗೋ ಹೊಸಬರಾಗಿ ಸೇರುತ್ತಾರೆ.

ನಿನ್ನೆ ಒಬ್ಬರು ಬಂದಿದ್ದರು. ಸುಮಾರು ಮೂವತ್ತೈದು ವಯಸ್ಸು. ಕಾಲರ್ ಕೂರಿಸುವ ಟೈಲರ್. 2019ರ ಡಿಸೆಂಬರ್‌ನಲ್ಲಿ ಸೇರಿದ್ದಾರೆ, ಅಂದರೆ ನಾಲ್ಕು ವರ್ಷ ಮೂರು ತಿಂಗಳು. ಪಾಸ್‌ಬುಕ್ ತೆಗೆದು ನೋಡಿದೆ. ಕೋವಿಡ್ ಟೈಮಲ್ಲಿ ಒಂದು ಸಲ ಅಡ್ವಾನ್ಸ್ ತೆಗೆದಿದ್ದಾರೆ, ಈಗ ಅರವತ್ತು ಸಾವಿರದ ಹತ್ತಿರ ಇದೆ. ಮಗ ಎಂಟನೇ ಕ್ಲಾಸಿಗೆ ಹೋಗುತ್ತಾನೆ. ರಾಜೀನಾಮೆ ಪತ್ರ ಟೈಪ್ ಮಾಡಿಕೊಡಿ ಅಂದರು.

ನನಗೆ ಕೈ ಬರಲಿಲ್ಲ. ಇನ್ನು ಒಂಬತ್ತು ತಿಂಗಳು ಇದ್ದರೆ ಐದು ವರ್ಷ ಆಗುತ್ತದೆ, ಗ್ರಾಚ್ಯುಟಿ (ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಇಡಿಗಂಟು) ಸಿಗುತ್ತದೆ. ಅವರ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 12,000. ವರ್ಷಕ್ಕೆ 15 ದಿನದ ಸಂಬಳದಂತೆ, 26 ದಿನದಿಂದ ಭಾಗಿಸಿ ಲೆಕ್ಕ ಹಾಕಿದರೆ ಐದು ವರ್ಷಕ್ಕೆ 34,600 ರೂಪಾಯಿ. ಅದಷ್ಟೂ ಹೋಗುತ್ತದೆ. ಪೂರ್ತಿ ತೆಗೆದರೆ ಪಿಂಚಣಿಯ ಸರ್ವಿಸ್ ಕೂಡ ಅಳಿಸಿಹೋಗುತ್ತದೆ. ಹತ್ತು ವರ್ಷ ಸರ್ವಿಸ್ ಆದರೆ 58ಕ್ಕೆ ಪಿಂಚಣಿ ಬರಬೇಕು. ನನ್ನ ಅಂಗಡಿಗೆ ಬರುವವರಲ್ಲಿ ಹದಿನೈದು ವರ್ಷ ಹೊಲಿದವರಿದ್ದಾರೆ, ಒಂದೇ ಖಾತೆಯಲ್ಲಿ ಹತ್ತು ವರ್ಷ ತೋರಿಸುವವರು ಬೆರಳೆಣಿಕೆ.

ಇದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, "ಗೊತ್ತು ಅಕ್ಕ, ಫೀಸಿಗೆ ಏನು ಮಾಡಲಿ?" ಅಂದರು.

12,000ದಲ್ಲಿ ಪಿಎಫ್ 1,440, ಇಎಸ್‌ಐ (ಆಸ್ಪತ್ರೆ ಖರ್ಚಿನ ವಿಮೆ) 90 ಹೋಗಿ ಕೈಗೆ ಬರುವುದು 10,470. ಅದರಲ್ಲಿ ಬಾಡಿಗೆ 4,500. ಇದರಲ್ಲಿ ಫೀಸಿಗೆ ಉಳಿಸಿ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಕೆಲಸ ಬಿಡದೆ ತೆಗೆಯಬಹುದಾದ ದಾರಿ ಯಾರಿಗಾದರೂ ಗೊತ್ತಿದ್ದರೆ ಹೇಳಿ. ಜೊತೆಗೆ, ಈ ಸಂಬಳ ಯಾಕೆ ಇಷ್ಟರಲ್ಲೇ ನಿಂತಿದೆ ಅಂತ ಗಾರ್ಮೆಂಟ್ಸ್ ಒಳಗಿನವರು ಬಿಡಿಸಿ ಹೇಳಿ. ಪತ್ರ ಇನ್ನೂ ಟೈಪ್ ಮಾಡಿಲ್ಲ. ಭಾನುವಾರ ಬನ್ನಿ ಅಂದಿದ್ದೇನೆ.

ಸಿಂಗಲ್ ನೀಡಲ್ | ಮಾರ್ಚ್ 6

ಅಕ್ಕ, ನಾನೇ ಮೂರು ಸಲ ಹಾಗೆ ಬಿಟ್ಟು ಸೇರಿದ್ದೇನೆ. ಬೊಮ್ಮನಹಳ್ಳಿಯಲ್ಲಿ ಹದಿನಾರು ವರ್ಷದಿಂದ ಟೈಲರ್. ಮೊದಲ ಸಲ ತಂಗಿ ಮದುವೆಗೆ, ಎರಡನೇ ಸಲ ನಮ್ಮ ಮನೆಯವರ ಆಪರೇಷನ್ನಿಗೆ, ಮೂರನೇ ಸಲ ಮಗಳ ಪಿಯುಸಿಗೆ. ಹದಿನಾರು ವರ್ಷದಲ್ಲಿ ಗ್ರಾಚ್ಯುಟಿ ಅಂತ ಒಂದು ರೂಪಾಯಿ ನೋಡಿಲ್ಲ.

ಪಿಎಫ್ ಅಂದರೆ ವಯಸ್ಸಾದ ಮೇಲಿನ ದುಡ್ಡು ಅಂತ ಆಫೀಸಿನವರು ಹೇಳುತ್ತಾರೆ. ನಮಗೆ ಅದು ಚೀಟಿ ಇದ್ದ ಹಾಗೆ. ಬೇರೆ ಉಳಿತಾಯವೇ ಇಲ್ಲವಲ್ಲ. 2016ರಲ್ಲಿ ನಾವು ರಸ್ತೆಗೆ ಇಳಿದಿದ್ದು ಇದಕ್ಕೇ. ಆಗ ಕೇಂದ್ರ ಸರ್ಕಾರ ಹೊಸ ನಿಯಮ ತಂದಿತ್ತು. ಕಂಪನಿ ಪಾಲಿನ ಪಿಎಫ್ ದುಡ್ಡು 58 ವರ್ಷ ಆಗುವ ತನಕ ತೆಗೆಯುವಂತಿಲ್ಲ ಅಂತ. ಏಪ್ರಿಲ್ 18, ಸೋಮವಾರ. ಯಾವ ನಾಯಕರೂ ಬಂದು ಕರೆಯಲಿಲ್ಲ. ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಯಿತು, ಮಿಷನ್ ಆಫ್ ಮಾಡಿ ಎದ್ದೆವು. ಹೊರಗೆ ಬಂದು ನೋಡಿದರೆ ಪಕ್ಕದ ಫ್ಯಾಕ್ಟರಿಯವರೂ ಬಂದಿದ್ದಾರೆ. ಹೊಸೂರು ರೋಡ್ ಪೂರ್ತಿ ಹೆಂಗಸರು. ಕೊರಳಲ್ಲಿ ಐಡಿ ಕಾರ್ಡು, ಕೆಲವರ ಕೈಯಲ್ಲಿ ಇನ್ನೂ ದಾರ ಕತ್ತರಿಸುವ ಟ್ರಿಮ್ಮರ್ ಇತ್ತು. ನನ್ನ ಪಕ್ಕ ಇದ್ದವರು ಏಳು ತಿಂಗಳ ಬಸುರಿ. ಹೋಗು ಅಂದರೂ ಹೋಗಲಿಲ್ಲ.

ಮಾರನೇ ದಿನ ಜಾಲಹಳ್ಳಿ, ತುಮಕೂರು ರೋಡ್, ಹೆಬ್ಬಗೋಡಿ ಕಡೆಗೂ ಹರಡಿತು. ಬಸ್ಸು ಸುಟ್ಟರು, ಲಾಠಿ ಚಾರ್ಜ್ ಆಯಿತು. ಬಸ್ಸು ಸುಟ್ಟಿದ್ದು ಸರಿ ಅಂತ ನಾನು ಹೇಳಲ್ಲ. ಲಾಠಿ ಏಟು ತಿಂದವರಲ್ಲಿ ಸುಮ್ನೆ ಮನೆಗೆ ನಡೆದು ಹೋಗುತ್ತಿದ್ದವರೂ ಇದ್ದರು. ಅವತ್ತು ಸಂಜೆಯೇ ನಿಯಮ ವಾಪಸ್ ಆಯಿತು. ಟಿವಿಯಲ್ಲಿ ಟ್ರಾಫಿಕ್ ಜಾಮ್ ಬಗ್ಗೆ ತುಂಬಾ ತೋರಿಸಿದರು. ಈ ಹೆಂಗಸರಿಗೆ ಪಿಎಫ್ ಮೇಲೆ ಯಾಕಿಷ್ಟು ಜೀವ ಅಂತ ಕೇಳಿದವರು ಕಡಿಮೆ. ನಿಮ್ಮ ಅಂಗಡಿಗೆ ಬಂದಿದ್ದರೆ ಗೊತ್ತಾಗುತ್ತಿತ್ತು ಅಲ್ವಾ?

ಸಂಘದ ಕೆಲಸ | ಮಾರ್ಚ್ 7

ಲಗ್ಗೆರೆ ಮೇಡಂ, ಮೊದಲು ನಿಮ್ಮ ಪ್ರಶ್ನೆಗೆ ಉತ್ತರ. ಕೆಲಸದಲ್ಲಿದ್ದುಕೊಂಡೇ ಅಡ್ವಾನ್ಸ್ ತೆಗೆಯಲು ಫಾರಂ 31 ಇದೆ. ಆದರೆ ಈಗಿನ (2024ರ) ನಿಯಮದಲ್ಲಿ ಮಕ್ಕಳ ಓದಿಗೆ ತೆಗೆಯಬೇಕಾದರೆ ಏಳು ವರ್ಷ ಸದಸ್ಯತ್ವ ಆಗಿರಬೇಕು, ಅದೂ ಹತ್ತನೇ ಕ್ಲಾಸ್ ಮುಗಿದ ಮೇಲಿನ ಓದಿಗೆ ಮಾತ್ರ. ಎಂಟನೇ ಕ್ಲಾಸ್ ಫೀಸಿಗೆ ಬರಲ್ಲ. ಕಾಯಿಲೆಗಾದರೆ ವರ್ಷದ ಷರತ್ತು ಇಲ್ಲ. ಹಾಗಂತ ಕಾಯಿಲೆ ಅಂತ ಸುಳ್ಳು ಬರೆಸಬೇಡಿ, ಮುಂದೆ ಅವರಿಗೇ ತೊಂದರೆ.

ಗ್ರಾಚ್ಯುಟಿಗೆ ಐದನೇ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ ಸಾಕು ಅಂತ ಮದ್ರಾಸ್ ಹೈಕೋರ್ಟ್ ತೀರ್ಪು ಇದೆ. ಅದನ್ನು ನಂಬಿಕೊಂಡು ಬಿಡಿಸಿದರೆ ಕಂಪನಿ ತಕರಾರು ತೆಗೆಯಬಹುದು, ಆಮೇಲೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಅಲೆಯಬೇಕು. ಪೂರ್ತಿ ಐದು ವರ್ಷ ಆಗಲಿ. ಆದ ಮೇಲೆ ರಾಜೀನಾಮೆ ಕೊಟ್ಟರೂ ಹಕ್ಕು ಹೋಗಲ್ಲ. ಬಿಟ್ಟು 30 ದಿನದ ಒಳಗೆ ಅರ್ಜಿ ಕೊಡಲಿ. ಎಚ್‌ಆರ್ ಬಾಯಿಮಾತಲ್ಲಿ ಏನೇ ಹೇಳಲಿ, ಕಾಗದದಲ್ಲಿ ಸಹಿ ತೆಗೆದುಕೊಳ್ಳಲಿ.

ಇನ್ನು ಸಂಬಳ ಯಾಕೆ ಇಷ್ಟು ಅನ್ನುವುದಕ್ಕೆ ಒಂದು ಹಳೇ ಲೆಕ್ಕ ಹೇಳುತ್ತೇನೆ. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಕನಿಷ್ಠ ಕೂಲಿ ಹೇಗೆ ಲೆಕ್ಕ ಹಾಕಬೇಕು ಅಂತ ತೀರ್ಮಾನ ಆಯಿತು. ಒಬ್ಬರ ದುಡಿಮೆಯಲ್ಲಿ ಮೂರು ಯೂನಿಟ್ಟಿನ ಕುಟುಂಬ ಬದುಕಬೇಕು. ಗಂಡಸು ಒಂದು ಯೂನಿಟ್, ಹೆಂಗಸು 0.8, ಇಬ್ಬರು ಮಕ್ಕಳು ತಲಾ 0.6. ಯೂನಿಟ್ಟಿಗೆ ದಿನಕ್ಕೆ 2,700 ಕ್ಯಾಲೊರಿ ಊಟ. ಮನೆಗೆ ವರ್ಷಕ್ಕೆ 72 ಗಜ ಬಟ್ಟೆ. ಜೊತೆಗೆ ಬಾಡಿಗೆ, ಸೌದೆ, ದೀಪ. ಆಮೇಲೆ ರಪ್ಟಕೋಸ್ ಬ್ರೆಟ್ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ವೃದ್ಧಾಪ್ಯ ಇದಕ್ಕೆಲ್ಲ ಇನ್ನೂ 25 ಪರ್ಸೆಂಟ್ ಸೇರಿಸಬೇಕು ಅಂತ ಹೇಳಿತು. ಮಕ್ಕಳ ಓದು ಅಂತ ಸುಪ್ರೀಂ ಕೋರ್ಟೇ ಹೇಳಿದೆ, ಗಮನಿಸಿ. ಆ 25 ಪರ್ಸೆಂಟ್ ಸಂಬಳದಲ್ಲಿ ನಿಜವಾಗಿ ಇದ್ದಿದ್ದರೆ ನಿಮ್ಮ ಅಂಗಡಿಗೆ ಯಾರೂ ಮಾರ್ಚ್‌ನಲ್ಲಿ ಬರುತ್ತಿರಲಿಲ್ಲ.

ಆ ಲೆಕ್ಕದಲ್ಲಿ ದುಡಿಯುವವನು ಗಂಡಸು, ಹೆಂಗಸು ಮನೆಯಲ್ಲಿ ಇರುವವಳು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಂಗಸರು. ಊರಲ್ಲಿರುವ ಅತ್ತೆ, ಅಮ್ಮ ಆ ಮೂರು ಯೂನಿಟ್‌ನಲ್ಲಿ ಇಲ್ಲವೇ ಇಲ್ಲ.

ಜಯನಗರ ಓದುಗ | ಮಾರ್ಚ್ 7

ಇದನ್ನು ಓದಿ ನಿದ್ದೆ ಬರಲಿಲ್ಲ. ಒಂದು ಪ್ರಶ್ನೆ. ಸಂಬಳ ಜಾಸ್ತಿ ಮಾಡಿದರೆ ಬಟ್ಟೆ ರೇಟು ವಿಪರೀತ ಏರುತ್ತದೆ, ಜನ ಕೊಳ್ಳಲ್ಲ ಅಂತ ಹೇಳುತ್ತಾರಲ್ಲ, ಅದು ನಿಜವಾ? ನಿಜವಾಗಿ ಕೇಳುತ್ತಿದ್ದೇನೆ.

ಹಳೇ ಮರ್ಚೆಂಡೈಸರ್ | ಮಾರ್ಚ್ 8

ಸರ್, ಹನ್ನೊಂದು ವರ್ಷ ಬಯ್ಯರ್‌ಗಳಿಗೆ (ಬಟ್ಟೆ ಹೊಲಿಸಿಕೊಳ್ಳುವ ಬ್ರ್ಯಾಂಡ್‌ನವರಿಗೆ) ಕಾಸ್ಟಿಂಗ್ ಶೀಟ್, ಅಂದರೆ ಬಟ್ಟೆಯ ಖರ್ಚಿನ ಲೆಕ್ಕ, ಕಳಿಸಿದವನು ನಾನು. ಲೆಕ್ಕ ಹಾಕಿ ತೋರಿಸುತ್ತೇನೆ. ಉದಾಹರಣೆ ಲೆಕ್ಕ, ಆದರೆ ವಿಧಾನ ಇದೇ.

ಒಂದು ಫುಲ್ ಸ್ಲೀವ್ ಶರ್ಟ್ ಹೊಲಿಯಲು 24 ನಿಮಿಷ ಅಂತ ಇಟ್ಟುಕೊಳ್ಳಿ. ಸ್ಟಾಪ್‌ವಾಚ್ ಹಿಡಿದು, ಪ್ರತಿ ಆಪರೇಷನ್ನಿಗೂ ಸೆಕೆಂಡ್ ಲೆಕ್ಕದಲ್ಲಿ ಕೂಡಿಸಿದ ಸಮಯ ಅದು. ಲೈನ್ (ಸಾಲಾಗಿ ಕೂತು ಹೊಲಿಯುವ ಟೈಲರ್‌ಗಳ ತಂಡ) 60 ಪರ್ಸೆಂಟ್ ಎಫಿಷಿಯೆನ್ಸಿಯಲ್ಲಿ, ಅಂದರೆ ಲೆಕ್ಕದ ವೇಗದ 60 ಪರ್ಸೆಂಟ್‌ನಲ್ಲಿ ಓಡಿದರೆ ನಿಜವಾಗಿ ಹಿಡಿಯುವುದು 40 ನಿಮಿಷ. 12,000 ಸಂಬಳದ ಟೈಲರ್‌ಗೆ ಪಿಎಫ್, ಇಎಸ್‌ಐ, ಬೋನಸ್, ಗ್ರಾಚ್ಯುಟಿ ಸೇರಿ ಕಂಪನಿಗೆ ಸುಮಾರು 15,600 ಬೀಳುತ್ತದೆ. ತಿಂಗಳಿಗೆ 26 ದಿನ, ದಿನಕ್ಕೆ 480 ನಿಮಿಷ, ಅಂದರೆ 12,480 ನಿಮಿಷ. ನಿಮಿಷಕ್ಕೆ ಒಂದೂಕಾಲು ರೂಪಾಯಿ. ಶರ್ಟಿಗೆ ಹೊಲಿಗೆ ಕೂಲಿ 50 ರೂಪಾಯಿ.

ಈಗ ಸಂಬಳ 5,000 ಏರಿಸಿ, 17,000 ಮಾಡಿ. ಕಂಪನಿಗೆ ಆರೂವರೆ ಸಾವಿರ ಜಾಸ್ತಿ. ಶರ್ಟಿಗೆ ಲೆಕ್ಕ ಹಾಕಿದರೆ 21 ರೂಪಾಯಿ. ಹೆಲ್ಪರ್, ಚೆಕರ್, ಐರನ್, ಕಟಿಂಗ್ ಅವರಿಗೂ ಇದೇ ಪ್ರಮಾಣದಲ್ಲಿ ಕೊಟ್ಟರೆ 30ರ ಆಸುಪಾಸು ಆಗಬಹುದು. ಆ ಶರ್ಟು ಮಾಲ್‌ನಲ್ಲಿ ಎರಡು ಸಾವಿರಕ್ಕೆ ನೇತಾಡುತ್ತಿರುತ್ತದೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಇಲ್ಲ, ನಿಜ ಅಲ್ಲ.

ಹಾಗಾದರೆ ಯಾಕೆ ಕೊಡಲ್ಲ? ಬಯ್ಯರ್ ಜೊತೆ ರೇಟ್ ಮಾತಾಡುವಾಗ ಬಟ್ಟೆ ರೇಟು ಎಲ್ಲರಿಗೂ ಗೊತ್ತು, ಬಟನ್ ರೇಟು ಗೊತ್ತು, ಶಿಪ್ಪಿಂಗ್ ಗೊತ್ತು. ಎಳೆದಾಡಲು ಉಳಿಯುವುದು ಕಟಿಂಗ್ ಮತ್ತು ಹೊಲಿಗೆ ರೇಟು ಮಾತ್ರ. "ಕಳೆದ ಸೀಸನ್‌ಗಿಂತ 10 ಸೆಂಟ್ ಕಡಿಮೆ ಮಾಡಿ" ಅಂತ ಮೇಲ್ ಬರುತ್ತದೆ. ನಾನು ಆ ಮೇಲ್ ತೆಗೆದುಕೊಂಡು ಪ್ರೊಡಕ್ಷನ್ ಮ್ಯಾನೇಜರ್ ಹತ್ತಿರ ಹೋಗುತ್ತಿದ್ದೆ. ಅವರು ಗಂಟೆಗೆ 60 ಪೀಸ್ ಇದ್ದ ಟಾರ್ಗೆಟ್ಟನ್ನು 68 ಮಾಡುತ್ತಿದ್ದರು. ಬೋರ್ಡ್ ಮೇಲೆ ಅಳಿಸಿ ಬರೆಯುವುದನ್ನು ನಾನೇ ನಿಂತು ನೋಡಿದ್ದೇನೆ. ಆ ಎಂಟು ಪೀಸು ಬರುವುದು ನೀರು ಕುಡಿಯಲು ಏಳದೆ ಕೂತಿದ್ದರಿಂದ, ಟಾಯ್ಲೆಟ್‌ಗೆ ಹೋಗದೆ ತಡೆದುಕೊಂಡಿದ್ದರಿಂದ. ಇದರಲ್ಲಿ ನನ್ನ ಪಾಲು ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಚೆಕರ್ ಮದ್ದೂರು | ಮಾರ್ಚ್ 8

ಸರ್ ಹೇಳಿದ ಎಂಟು ಪೀಸಿನ ಕಥೆ ನೂರಕ್ಕೆ ನೂರು ನಿಜ. ಒಂದು ಸಣ್ಣ ವಿಷಯ ಸೇರಿಸುತ್ತೇನೆ. ಮಿಷನ್ ಸೂಜಿ ಮುರಿದರೆ ಹೊಸ ಸೂಜಿ ಸುಮ್ನೆ ಕೊಡಲ್ಲ. ಮುರಿದ ತುಂಡುಗಳನ್ನೆಲ್ಲ ಹುಡುಕಿ ತರಬೇಕು. ರಿಜಿಸ್ಟರ್‌ನಲ್ಲಿ ಟೇಪ್ ಹಾಕಿ ಅಂಟಿಸಿ, ಸೂಜಿ ಪೂರ್ತಿ ಆಗಿದೆಯಾ ಅಂತ ನೋಡಿ, ದಿನ, ಟೈಮು, ಲೈನ್ ನಂಬರ್ ಬರೆದು ಸಹಿ ಹಾಕಿದ ಮೇಲೆ ಹೊಸದು. ಒಂದು ಚೂರು ಸಿಗದಿದ್ದರೂ ಆ ಬಂಡಲ್ ಪೂರ್ತಿ ಮೆಟಲ್ ಡಿಟೆಕ್ಟರ್‌ಗೆ ಹೋಗುತ್ತದೆ. ಬಟ್ಟೆ ಹಾಕಿಕೊಳ್ಳುವ ಮಗುವಿಗೆ ಚುಚ್ಚಬಾರದು ಅಂತ. ಅದು ಸರಿಯೇ. ನಾನು ಅದನ್ನು ಒಪ್ಪುತ್ತೇನೆ. ಆದರೆ ಆ ಹತ್ತು ನಿಮಿಷ ಟೈಲರ್ ನೆಲದ ಮೇಲೆ ಮಂಡಿಯೂರಿ ತುಂಡು ಹುಡುಕುತ್ತಿರುವಾಗ ಟಾರ್ಗೆಟ್ ನಿಲ್ಲಲ್ಲ. ಊಟದ ಟೈಮಲ್ಲಿ ಕೂತು ತುಂಬಿಕೊಡಬೇಕು. ಆ ನಿಮಿಷಕ್ಕೆ ಯಾವ ರಿಜಿಸ್ಟರೂ ಇಲ್ಲ.

ಬ್ರ್ಯಾಂಡ್‌ಗಳಿಗಾಗಿ ಫ್ಯಾಕ್ಟರಿ ತಪಾಸಣೆ ಮಾಡುವ ಆಡಿಟ್ ದಿನದ ಬಗ್ಗೆ ಹೇಳಲೇಬೇಕು. ಹಿಂದಿನ ದಿನ ಎಲ್ಲರಿಗೂ ಹೊಸ ಮಾಸ್ಕ್, ಬಾಯಿಪಾಠ: ಸಂಬಳ ಏಳನೇ ತಾರೀಖು, ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಡಬಲ್, ಯಾರೂ ಬೈಯಲ್ಲ. ಕ್ರೆಷ್‌ನಲ್ಲಿ ಬೀಗ ಹಾಕಿದ್ದ ಆಟಿಕೆ ಹೊರಗೆ ಬರುತ್ತದೆ. ಆಡಿಟರ್ ಮೇಡಂ ನನ್ನನ್ನು ಕರೆದು ಕೇಳಿದಾಗ ಎಚ್‌ಆರ್ ಗಾಜಿನ ಆಚೆ ನಿಂತಿದ್ದರು. ನಾನೂ ಬಾಯಿಪಾಠವೇ ಹೇಳಿದೆ. ಮನೆಗೆ ಬಂದು ಅತ್ತುಬಿಟ್ಟೆ.

ಓಟಿ ವಿಷಯ: ಡಬಲ್ ಅಂತ ಕಾನೂನು ಇದೆ. ನಮ್ಮಲ್ಲಿ ಕೆಲಸ ಇಲ್ಲದ ದಿನ ರಜ ಕೊಟ್ಟು, ಶಿಪ್‌ಮೆಂಟ್ ಇದ್ದಾಗ ಭಾನುವಾರ ಕರೆಸಿ "ಕಾಂಪ್ ಆಫ್" ಅನ್ನುತ್ತಿದ್ದರು. ಪೇ ಸ್ಲಿಪ್ ನೋಡಿದರೆ ಓಟಿ ಸೊನ್ನೆ.

ಜಾಬ್‌ವರ್ಕ್ ಕಾಮಾಕ್ಷಿಪಾಳ್ಯ | ಮಾರ್ಚ್ 9

ಇಪ್ಪತ್ತೆರಡು ಮಿಷನ್ ಇಟ್ಟುಕೊಂಡು ಯೂನಿಟ್ ನಡೆಸುತ್ತೇನೆ. ಲಗ್ಗೆರೆ ಮೇಡಂ ಹೇಳಿದ "ಪಿಎಫ್ ಇಲ್ಲದ ಸಣ್ಣ ಯೂನಿಟ್" ಅಂದರೆ ನನ್ನಂಥವರದ್ದೇ ಅಂತ ಒಪ್ಪಿಕೊಂಡೇ ಮಾತಾಡುತ್ತೇನೆ. ಎರಡು ವರ್ಷದಿಂದ ನಾನು ಪಿಎಫ್ ಕಟ್ಟುತ್ತಿದ್ದೇನೆ. ಕಷ್ಟ ಇದೆ.

ದೊಡ್ಡ ಫ್ಯಾಕ್ಟರಿ ತನಗೆ ಸಿಕ್ಕ ರೇಟಿನಲ್ಲಿ ಕಡಿದು ನನಗೆ ಕೊಡುತ್ತದೆ. ದುಡ್ಡು ಬರುವುದು ಅರವತ್ತು, ತೊಂಬತ್ತು ದಿನಕ್ಕೆ. ಸಂಬಳ ಮಾತ್ರ ತಿಂಗಳಿಗೆ ಸರಿಯಾಗಿ ಕೊಡಬೇಕು, ಕೊಡಲೇಬೇಕು. ಬಯ್ಯರ್ ಬಾಂಗ್ಲಾದೇಶದ ರೇಟು ತೋರಿಸುತ್ತಾನೆ. ಅವರ ಬಟ್ಟೆಗೆ ಯುರೋಪಿನಲ್ಲಿ ಸುಂಕ ಇಲ್ಲ, ನಮಗೆ ಇದೆ. 2020ರ ಮಾರ್ಚ್‌ನಲ್ಲಿ ಹೊಲಿದು ಪ್ಯಾಕ್ ಮಾಡಿಟ್ಟ ಮಾಲನ್ನೂ ಬ್ರ್ಯಾಂಡ್‌ಗಳು ಬೇಡ ಅಂದವು. ಆಗ ನನ್ನ ಗೋಡೌನ್‌ನಲ್ಲಿದ್ದ ಪೆಟ್ಟಿಗೆಗಳ ಮೇಲೆ ಅಂಗಡಿಯ ರೇಟು ಕೂಡ ಅಂಟಿಸಿಯಾಗಿತ್ತು.

ಸಂಬಳ ಏರಿಸಲು ನನಗೆ ವಿರೋಧ ಇಲ್ಲ. ನಾನೊಬ್ಬನೇ ಏರಿಸಿದರೆ ಮುಂದಿನ ತಿಂಗಳು ಬೀಗ. ಎಲ್ಲರಿಗೂ ಒಟ್ಟಿಗೆ ಏರಬೇಕು, ಅದು ಸರ್ಕಾರದ ಕೈಯಲ್ಲಿದೆ.

ಸಂಘದ ಕೆಲಸ | ಮಾರ್ಚ್ 9

ಅಣ್ಣ, ನೀವು ಬರೆದಿದ್ದಕ್ಕೆ ಥ್ಯಾಂಕ್ಸ್. ಎಲ್ಲರಿಗೂ ಒಟ್ಟಿಗೆ ಏರಬೇಕು ಅನ್ನುವುದನ್ನು ನಾವೂ ಒಪ್ಪುತ್ತೇವೆ. ಆದರೆ ಸರ್ಕಾರ ಏರಿಸಿದ್ದನ್ನೂ ದೊಡ್ಡವರು ಕೊಡದಿದ್ದಾಗ?

2020ರ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ ಏರಬೇಕಿತ್ತು. ಕೋವಿಡ್ ಅಂತ ರಾಜ್ಯ ಸರ್ಕಾರ ಅದನ್ನು ಒಂದು ವರ್ಷ ಮುಂದಕ್ಕೆ ಹಾಕಿತು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆದರೂ ಬಹಳ ಫ್ಯಾಕ್ಟರಿಗಳು ಕೊಡಲಿಲ್ಲ. ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಅನ್ನುವ ಅಮೆರಿಕದ ಸಂಸ್ಥೆಯ ಲೆಕ್ಕದಲ್ಲಿ ನಾಲ್ಕು ಲಕ್ಷಕ್ಕೂ ಜಾಸ್ತಿ ಕಾರ್ಮಿಕರಿಗೆ ಕಾನೂನಿನ ಕನಿಷ್ಠ ಕೂಲಿಯೇ ಸಿಗಲಿಲ್ಲ. ಇಲ್ಲಿನ ಸಂಘಗಳು ಬಿಡಲಿಲ್ಲ, ಅಲ್ಲಿ ಬ್ರ್ಯಾಂಡ್‌ಗಳನ್ನು ಕೇಳುವವರು ಕೇಳಿದರು. 2022ರ ಹೊತ್ತಿಗೆ ಬಾಕಿ ಕೊಡಲು ಶುರು ಮಾಡಿದರು. ಲಗ್ಗೆರೆ ಮೇಡಂ, ನೀವು ಹೇಳಿದ ಕಾಲರ್ ಟೈಲರ್ ಆಗ ಕೆಲಸದಲ್ಲಿದ್ದರು. ಅವರಿಗೆ ಬಾಕಿ ಬಂದಿದೆಯಾ ಅಂತ ಕೇಳಿ. ಮಧ್ಯದಲ್ಲಿ ಬಿಟ್ಟುಹೋದ ತುಂಬಾ ಜನರಿಗೆ ಬಾಕಿ ಇದೆ ಅನ್ನುವುದೇ ಗೊತ್ತಾಗಲಿಲ್ಲ.

ಜಯನಗರ ಸರ್ ಅವರಿಗೆ: ಆಡಿಟ್ ಸರ್ಟಿಫಿಕೇಟ್ ನೋಡಿ ನೆಮ್ಮದಿ ಪಡಬೇಡಿ. ಕರಾಚಿಯ ಅಲಿ ಎಂಟರ್‌ಪ್ರೈಸಸ್ ಫ್ಯಾಕ್ಟರಿಗೆ, ಕೆಲಸದ ಪರಿಸ್ಥಿತಿ ಸರಿ ಇದೆ ಅನ್ನುವ ಎಸ್‌ಎ 8000 ಸರ್ಟಿಫಿಕೇಟ್ ಸಿಕ್ಕ ಕೆಲವೇ ವಾರಕ್ಕೆ, 2012ರ ಸೆಪ್ಟೆಂಬರ್ 11ರಂದು ಬೆಂಕಿ ಬಿತ್ತು. 250ಕ್ಕೂ ಹೆಚ್ಚು ಜನ ಸತ್ತರು. ಮಾರನೇ ವರ್ಷ ಢಾಕಾ ಹತ್ತಿರ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ. ಆಮೇಲೆ ಅಲ್ಲಿ ಕೆಲಸ ಮಾಡಿದ್ದು ಬ್ರ್ಯಾಂಡ್‌ಗಳು ಮತ್ತು ಸಂಘಗಳು ಸಹಿ ಹಾಕಿದ, ಕೋರ್ಟಿಗೆ ಎಳೆಯಬಹುದಾದ ಒಪ್ಪಂದ. ನಮ್ಮ ಪಕ್ಕದ ತಮಿಳುನಾಡಿನ ದಿಂಡಿಗಲ್‌ನಲ್ಲೂ 2022ರಲ್ಲಿ, ಒಬ್ಬ ದಲಿತ ಹೆಣ್ಣುಮಗಳ ಕೊಲೆ ಆದ ಮೇಲೆ, ಹೆಂಗಸರ ಮೇಲಿನ ದೌರ್ಜನ್ಯ ತಡೆಯಲು ಅಂಥ ಒಪ್ಪಂದ ಆಗಿದೆ. ನೀವು ಬಟ್ಟೆ ಕೊಳ್ಳುವ ಬ್ರ್ಯಾಂಡ್‌ಗೆ ಎರಡು ಪ್ರಶ್ನೆ ಬರೆದು ಕೇಳಿ. ಇದನ್ನು ಹೊಲಿದ ಫ್ಯಾಕ್ಟರಿಗಳ ಪಟ್ಟಿ ಪ್ರಕಟಿಸಿದ್ದೀರಾ? ರೇಟ್ ಮಾತಾಡುವಾಗ ಕೂಲಿಯನ್ನು ಬೇರೆ ಇಟ್ಟು, ಅದರಲ್ಲಿ ಚೌಕಾಸಿ ಮಾಡಲ್ಲ ಅಂತ ಒಪ್ಪುತ್ತೀರಾ?

ಜಯನಗರ ಓದುಗ | ಮಾರ್ಚ್ 10

ಬರೆದಿದ್ದೇನೆ, ಮೂರು ಕಂಪನಿಗೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ. ಲಗ್ಗೆರೆ ಮೇಡಂ, ಆ ಫೀಸು ನಾನು ಕಟ್ಟಬಹುದಾ?

ಲಗ್ಗೆರೆ ಸೈಬರ್ | ಮಾರ್ಚ್ 10

ಸರ್, ನಿಮ್ಮ ಮನಸ್ಸು ದೊಡ್ಡದು. ಅವರನ್ನು ಕೇಳಿದೆ. ಬೇಡ ಅಂದರು. "ನಾನು ದುಡಿಯುತ್ತಿದ್ದೇನಲ್ಲ ಅಕ್ಕ" ಅಂದರು. ಅದರ ಮೇಲೆ ನಾನು ಮಾತಾಡಲಿಲ್ಲ.

ಭಾನುವಾರ ಬಂದವರನ್ನು ಕೂರಿಸಿಕೊಂಡು ಈ ಚರ್ಚೆ ಪೂರ್ತಿ ಓದಿ ಹೇಳಿದೆ. 72 ಗಜ ಬಟ್ಟೆ ಅಂದಾಗ ಅವರು ಒಂದು ನಿಮಿಷ ಲೆಕ್ಕ ಹಾಕಿದರು. ಅಷ್ಟು ಬಟ್ಟೆಯಲ್ಲಿ ಆಗುವ ಶರ್ಟಿಗೆಲ್ಲ ತಮ್ಮ ಲೈನ್‌ನಲ್ಲಿ ಅರ್ಧ ಗಂಟೆಗೆ ಕಾಲರ್ ಕೂರಿಸುತ್ತೇನೆ ಅಂದರು. 2020ರ ಡಿಎ ಬಾಕಿ ಅವರಿಗೆ ಬಂದಿತ್ತು, ಆದರೆ ಅದು ಯಾವ ದುಡ್ಡು ಅಂತ ಯಾರೂ ಹೇಳಿರಲಿಲ್ಲವಂತೆ. ರಾಜೀನಾಮೆ ಪತ್ರದ ಬಗ್ಗೆ ಇನ್ನೊಂದು ವಾರ ಯೋಚನೆ ಮಾಡುತ್ತೇನೆ ಅಂತ ಹೇಳಿ ಹೋದರು.

ಸಿಂಗಲ್ ನೀಡಲ್ | ಜೂನ್ 12

ಅಕ್ಕ, ಅವರದ್ದು ಏನಾಯಿತು? ಸ್ಕೂಲು ಶುರು ಆಯಿತಲ್ಲ.

ಲಗ್ಗೆರೆ ಸೈಬರ್ | ಜೂನ್ 14

ಬಿಡಲಿಲ್ಲ. ಕಿವಿಯ ಓಲೆ, ಒಂದು ಉಂಗುರ ಗಿರವಿ ಇಟ್ಟರು. ಸ್ಕೂಲಿನವರ ಹತ್ತಿರ ನಾನೂ ಹೋಗಿದ್ದೆ, ಫೀಸನ್ನು ಎರಡು ಕಂತು ಮಾಡಿಕೊಟ್ಟರು. ಎರಡನೇ ಕಂತು ಅಕ್ಟೋಬರ್‌ಗೆ. ಕಳೆದ ವರ್ಷ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ದುಡ್ಡು ಉಳಿಯುತ್ತಿದೆಯಲ್ಲ, ಅದನ್ನು ಈಗ ಗಿರವಿ ಬಡ್ಡಿಗೆ ಎತ್ತಿಡುತ್ತಿದ್ದಾರೆ. ಓಲೆ ಇದ್ದ ಜಾಗಕ್ಕೆ ಬೇವಿನ ಕಡ್ಡಿ ಹಾಕಿಕೊಂಡಿದ್ದಾರೆ, ತೂತು ಮುಚ್ಚಬಾರದು ಅಂತ.

ಕೆಲಸಕ್ಕೆ ಸೇರಿದ ತಾರೀಖನ್ನು ಪಾಸ್‌ಬುಕ್ ಪ್ರಿಂಟಿನ ಹಿಂದೆ ದೊಡ್ಡದಾಗಿ ಬರೆದುಕೊಟ್ಟಿದ್ದೆ. ಅದನ್ನು ಲೈನ್‌ನಲ್ಲಿ ತೋರಿಸಿದ್ದಾರೆ. ನಿನ್ನೆ ಅದೇ ಲೈನಿನ ಇಬ್ಬರು ಬಂದಿದ್ದರು, ತಮ್ಮದೂ ನೋಡಿಕೊಡಿ ಅಂತ. ಒಬ್ಬರಿಗೆ ಊರಲ್ಲಿ ಮನೆ ರಿಪೇರಿಗೆ ದುಡ್ಡು ಬೇಕಿತ್ತು, ರಾಜೀನಾಮೆ ಪತ್ರ ಕೈಯಲ್ಲೇ ಇತ್ತು. ಅವರಿಗೆ ಐದು ವರ್ಷ ತುಂಬಲು ಹದಿನೇಳು ದಿನ ಬಾಕಿ. ಪತ್ರ ಮಡಚಿ ಊಟದ ಬ್ಯಾಗಿನೊಳಗೆ ಇಟ್ಟುಕೊಂಡು, ತಾರೀಖು ಇನ್ನೊಂದು ಸಲ ಓದಿ ಹೇಳಿ ಅಂದರು.